ಸುಣ್ಣ ಬಳಿದ ಗಿಳಿಗಳು

ನಮ್ಮ ಚಿಕ್ಕಪ್ಪನಷ್ಟು ಜಂಬದ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ನೋಡುವ ಆಸೆಯೂ ಇಲ್ಲ, ಒಬ್ಬರೇ ಸಾಕಾಗಿ ಹೋಗಿದೆ. ಅವರ ಕಸುಬು ಬೋರ್ಡು ಬರೆಯುವುದು. ಊರಿನ ಬೀದಿಗಳ ಹೆಸರು, ಅಂಗಡಿಗಳ ಹೆಸರು, ‘ಇಲ್ಲಿ ಉಗುಳಬಾರದು’, ‘ನಾಯಿ ಇದೆ ಎಚ್ಚರಿಕೆ’, ಎಲ್ಲವೂ ಅವರ ಕೈಯದೇ. ಬರೆದ ಪ್ರತಿ ಬೋರ್ಡಿನ ಮೂಲೆಯಲ್ಲೂ ತಮ್ಮ ಹೆಸರಿನ ಬದಲು ಒಂದು ಹಸಿರು ಗಿಳಿ ಕೂರಿಸುತ್ತಿದ್ದರು. ಆಸ್ಪತ್ರೆಯ ಶವಾಗಾರದ ಬೋರ್ಡಿಗೂ ಗಿಳಿಯೇ. “ಹೆಣ ಇಡೋ ಮನೆಗೆ ಗಿಳಿ ಯಾಕ್ರೀ?” ಎಂದು ಅಲ್ಲಿಯವರು ಕೇಳಿದ್ದಕ್ಕೆ, “ಹೆಣ ಒಳಗಿದೆ, ಬರೆದೋನು ಇನ್ನೂ ಬದುಕಿದ್ದಾನಲ್ಲ” ಎಂದಿದ್ದರಂತೆ. ಊರಿಗೆಲ್ಲ ಅವರು ಗಿಳಿಯಣ್ಣ.

ಟೆಲಿಫೋನ್ ಆಫೀಸಿನಲ್ಲಿ ಕೆಲಸ ಸಿಕ್ಕಿದ್ದರಿಂದ ನಾನು ಅವರ ಮನೆಯಲ್ಲೇ ಇದ್ದೆ. ಮನೆ ಎಂದರೆ ಮುಂದಿನ ಕೋಣೆ ತುಂಬ ಬಣ್ಣದ ಡಬ್ಬಿ, ಹಿಂದಿನ ಕೋಣೆಯಲ್ಲಿ ನಾವು ಮೂವರು, ಮತ್ತು ಒಂದು ಹೊಲಿಗೆ ಮಷಿನ್. ಆ ಮಷಿನ್ ಚಿಕ್ಕಮ್ಮನ ತಾಯಿಯದು. ತಾಯಿ ತೀರಿಕೊಂಡಾಗ ಅದು ತನಗೆ ಬೇಕೆಂದು ಚಿಕ್ಕಮ್ಮನ ಅಕ್ಕ ಪಟ್ಟು ಹಿಡಿದರು, ತನಗೇ ಬೇಕೆಂದು ಚಿಕ್ಕಮ್ಮ ಪಟ್ಟು ಹಿಡಿದರು. ಚಿಕ್ಕಮ್ಮ ಗೆದ್ದರು. “ನಿನ್ನ ಮನೆ ಹೊಸ್ತಿಲು ತುಳಿದರೆ ನನ್ನ ಹೆಸರು ಬದಲಾಯಿಸು” ಎಂದು ಹೇಳಿ ಹೋದ ಅಕ್ಕ, ಆಮೇಲೆ ಎಷ್ಟೋ ವರ್ಷ ಒಂದು ಸಾಲೂ ಬರೆಯಲಿಲ್ಲ. ಗೆದ್ದ ಚಿಕ್ಕಮ್ಮನ ಪಾಡೂ ಅಷ್ಟಕ್ಕಷ್ಟೆ. ಆ ಮಷಿನ್ನಿನ ಮುಂದೆ ಕೂತಾಗಲೆಲ್ಲ ಅವರ ಮುಖ ಬಾಡುತ್ತಿತ್ತು.

ಇಂಥ ಹೊತ್ತಿನಲ್ಲಿ ಯುದ್ಧದ ಸುದ್ದಿ ಬಂತು. ಶತ್ರು ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಊರೆಲ್ಲ ಗುಲ್ಲೋ ಗುಲ್ಲು. ಅಕ್ಕ ಒಬ್ಬಂಟಿಯಾಗಿ ಇದ್ದದ್ದು ಗಡಿಯ ಪಕ್ಕದ ಊರಿನಲ್ಲಿ. ಚಿಕ್ಕಮ್ಮ ಹಟ ಮಾನ ಎಲ್ಲ ಬದಿಗಿಟ್ಟು, “ಬಂದುಬಿಡಕ್ಕ, ಇಲ್ಲೇ ಇರು” ಎಂದು ಬರೆದರು. ಉತ್ತರ ಬರಲಿಲ್ಲ. ಬಸ್ಸುಗಳು ಯಾವಾಗ ಬರುತ್ತವೆ ಎಂಬುದೂ ಯುದ್ಧದ ಗುಟ್ಟಾಗಿ ಹೋಗಿದ್ದರಿಂದ ಬಸ್ ನಿಲ್ದಾಣಕ್ಕೆ ಹೋಗಿ ಕಾಯುವಂತೆಯೂ ಇರಲಿಲ್ಲ. ಚಿಕ್ಕಮ್ಮ ಬಾಗಿಲು ತೆರೆದಿಟ್ಟು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು. ಅಕ್ಕ ಈ ಮನೆ ನೋಡಿದವರಲ್ಲ. ಬಂದರೆ ದಾರಿ ಕೇಳಿಕೊಂಡೇ ಬರಬೇಕು.

ಅಷ್ಟರಲ್ಲಿ ನಾಗರಿಕ ರಕ್ಷಣೆಯ ಅಧಿಕಾರಿಯೊಬ್ಬರು ಧ್ವನಿವರ್ಧಕ ಹಿಡಿದು ನಮ್ಮ ಬೀದಿಗೆ ಬಂದರು. ಸೈರನ್ ಕೂಗಿದರೆ ಮಂಚದ ಕೆಳಗೆ ನುಗ್ಗಬೇಕು ಎಂದರು. ತಾಲೀಮಿಗೆಂದು ಸೈರನ್ ಕೂಗಿಸಿದ್ದೇ ತಡ, ಕಿರಾಣಿ ಅಂಗಡಿಯವರು ತಮ್ಮ ಗಾತ್ರ ಮರೆತು ಅಂಗಡಿಯ ಬೆಂಚಿನ ಕೆಳಗೆ ನುಗ್ಗಿದರು. ಎಲ್ಲ ಮುಗಿಯಿತೆಂಬ ಸೈರನ್ ಕೂಗಿದ ಮೇಲೂ ಅವರು ಹೊರಗೆ ಬರಲಿಲ್ಲ. ಬರಲಾಗಲಿಲ್ಲ! ಬೆಂಚನ್ನೇ ಎತ್ತಿ ತೆಗೆಯಬೇಕಾಯಿತು. ನಕ್ಕೂ ನಕ್ಕೂ ನನ್ನ ಹೊಟ್ಟೆ ಹುಣ್ಣಾಯಿತು. ಅಧಿಕಾರಿಗೆ ಮಾತ್ರ ನಗು ಬರಲಿಲ್ಲ. ಅವರು ಎರಡನೆಯ ಆಜ್ಞೆ ಓದಿದರು: ಊರಿನ ಎಲ್ಲ ಬೋರ್ಡುಗಳನ್ನೂ ಅಳಿಸಬೇಕು, ಶತ್ರುವಿಗೆ ತಾನೆಲ್ಲಿದ್ದೇನೆಂದೇ ತಿಳಿಯಬಾರದು.

ಚಿಕ್ಕಪ್ಪನ ಮುಖ ನೋಡಬೇಕಿತ್ತು. ಅಧಿಕಾರಿ ಒಂದು ಡಬ್ಬಿ ಟಾರು ಅವರ ಕೈಗೆ ಕೊಟ್ಟು, “ನೀವೇ ಬರೆದದ್ದು, ನೀವೇ ಅಳಿಸಿ” ಎಂದರು.

ಮನೆಗೆ ಬಂದವರೇ ಚಿಕ್ಕಪ್ಪ ಡಬ್ಬಿಯನ್ನು ಮೂಲೆಗೆ ತಳ್ಳಿದರು. “ಈ ಕೈಯಲ್ಲಿ ನನ್ನ ಅಕ್ಷರಕ್ಕೆ ಟಾರು ಬಳೀಲಾ? ಅದಕ್ಕಿಂತ ಶತ್ರು ಬಂದು ನನ್ನನ್ನೇ ಹೊಡೆದುಹಾಕಲಿ!” ಎಂದು ಕೂತುಬಿಟ್ಟರು. ಕಣ್ಣಲ್ಲಿ ನೀರು. ಜಂಬದ ಮನುಷ್ಯ ಅತ್ತರೆ ನೋಡುವವರಿಗೆ ಕಷ್ಟ. ಕೊನೆಗೆ ಅವರೇ ಉಪಾಯ ಹುಡುಕಿದರು. ಎಣ್ಣೆ ಬಣ್ಣದ ಮೇಲೆ ಸುಣ್ಣ ಬಳಿದರೆ ಅದು ಕೂತಹಾಗೆ ಕಾಣುತ್ತದೆ, ಆದರೆ ಹಿಡಿದುಕೊಳ್ಳುವುದಿಲ್ಲ. ಯುದ್ಧ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಕ್ಷರ, ಗಿಳಿ ಎಲ್ಲ ಮೊದಲಿನಂತೆ. ಊರೆಲ್ಲ ಸುತ್ತಿ ಸುಣ್ಣ ಬಳಿದರು. ಅಧಿಕಾರಿ ಕೇಳಿದಾಗ, “ಇದು ಯುದ್ಧಕ್ಕೇ ಅಂತ ಮಾಡಿದ ಬಣ್ಣ ಸಾರ್” ಎಂದು ಮುಖ ಗಂಟಿಕ್ಕಿಕೊಂಡೇ ಹೇಳಿದರು. ಆ ಪುಣ್ಯಾತ್ಮ ನಂಬಿದ್ದಲ್ಲದೆ, ಖುಷಿಯಾಗಿ ಅವರನ್ನೇ ಬೀದಿಯ ರಕ್ಷಣಾ ಮುಖ್ಯಸ್ಥನನ್ನಾಗಿ ಮಾಡಿ, ತಲೆಗೊಂದು ತಗಡಿನ ಟೋಪಿ ಇಟ್ಟು ಹೋದರು.

ಮುಗಿಯಿತು ನಮ್ಮ ಕಥೆ! ಅಳು ಎಲ್ಲಿ ಹೋಯಿತೋ, ಟೋಪಿ ತಲೆಗೇರಿತು. ಊಟಕ್ಕೆ ಕೂತರೂ ಟೋಪಿ, ಹಲ್ಲುಜ್ಜುವಾಗಲೂ ಟೋಪಿ. ಚಿಕ್ಕಮ್ಮ ಹಗಲೆಲ್ಲ ಆ ಮಷಿನ್ನಿನಲ್ಲಿ ಮರಳಿನ ಚೀಲ ಹೊಲಿದರು, ಬೀದಿಯ ಗಂಡಸರು ಮರಳು ತುಂಬಿ ಸೊಂಟ ಹಿಡಿಸಿಕೊಂಡರು. ಚಿಕ್ಕಪ್ಪ ಮೇಲ್ವಿಚಾರಣೆ ಮಾಡಿದರು. ಆಮೇಲೆ ನಮ್ಮ ಮುಂದಿನ ಕೋಣೆಯಲ್ಲೇ ಸಭೆ ಸೇರಿಸಿ ತಮ್ಮದೇ ಒಂದು ಆಜ್ಞೆ ಹೊರಡಿಸಿದರು.

“ಹೊಸಬರು ಯಾರೇ ದಾರಿ ಕೇಳಲಿ, ತಪ್ಪು ದಾರಿ ಹೇಳಬೇಕು. ಎಡ ಅಂದರೆ ಬಲ, ಬಲ ಅಂದರೆ ಎಡ. ಶತ್ರು ಸುತ್ತಿ ಸುತ್ತಿ ಸುಸ್ತಾಗಿ ಬೀಳಬೇಕು.”

“ನಮ್ಮಕ್ಕ ಬಂದ್ರೆ?” ಎಂದು ಚಿಕ್ಕಮ್ಮ ಒಳಗಿಂದ ಕೇಳಿದರು.

“ರೂಲ್ಸ್ ಅಂದ್ರೆ ರೂಲ್ಸು ಕಣೇ. ಶತ್ರು ನಿಮ್ಮಕ್ಕನ ವೇಷದಲ್ಲೂ ಬರಬಹುದು.”

“ಆ ವೇಷ ಹಾಕೋ ಧೈರ್ಯ ಯಾವ ಶತ್ರುಗೂ ಇಲ್ಲ ಬಿಡಿ,” ಎಂದೆ ನಾನು. ಚಿಕ್ಕಪ್ಪ ಟೋಪಿಯ ಕೆಳಗಿಂದ ನನ್ನನ್ನು ದುರುಗುಟ್ಟಿ ನೋಡಿದರು.

ಹಾಗಾದರೆ ನಮ್ಮವರೆಂದು ಗುರುತಿಸುವುದು ಹೇಗೆ ಎಂದು ಕ್ಷೌರದಂಗಡಿಯವರು ಕೇಳಿದರು. ಒಂದು ಗುರುತಿನ ಮಾತು ಇರಬೇಕು ಎಂದಾಯಿತು. ಅದನ್ನು ಹೇಳಿದವರಿಗೆ ಮಾತ್ರ ಸರಿಯಾದ ದಾರಿ. ಆ ಮಾತು ಹೇಳು ಎಂದು ಕೇಳುವ ಹಕ್ಕು ಮುಖ್ಯಸ್ಥನಿಗೆ ಮಾತ್ರ. ಯಾವ ಮಾತು ಎಂಬುದಕ್ಕೆ ಜಗಳ ಶುರುವಾಯಿತು. ಕಿರಾಣಿಯವರು ‘ಸಕ್ಕರೆ’ ಎಂದರು, ಕ್ಷೌರದವರು ‘ಕತ್ತರಿ’ ಎಂದರು. ಚಿಕ್ಕಪ್ಪನ ಆಯ್ಕೆ ಏನೆಂದು ಬೇರೆ ಹೇಳಬೇಕೆ? ‘ಗಿಳಿ’. ಮೂವರೂ ಕೈ ಕೈ ಮಿಲಾಯಿಸುವ ಹೊತ್ತಿಗೆ ಚಿಕ್ಕಮ್ಮ ಬಾಗಿಲಿಗೆ ಬಂದು, “‘ಅಮ್ಮನ ಹೊಲಿಗೆ ಮಷಿನ್’ ಅಂತ ಇಟ್ಕೊಳ್ಳಿ” ಎಂದರು.

“ಭೇಷ್!” ಎಂದರು ಚಿಕ್ಕಪ್ಪ. “ಯಾವ ಶತ್ರುಗೂ ಹೊಳೆಯಲ್ಲ!”

ನನಗೂ ಆಗ ಏನೂ ಹೊಳೆಯಲಿಲ್ಲ. ಚೀಲ ಹೊಲಿದು ಹೊಲಿದು ಚಿಕ್ಕಮ್ಮನಿಗೆ ತಲೆಯಲ್ಲಿ ಬೇರೇನೂ ಉಳಿದಿಲ್ಲ ಎಂದುಕೊಂಡೆ.

ಒಂದು ದಿನ ಮಧ್ಯಾಹ್ನ ಅಕ್ಕ ಬಂದೇ ಬಿಟ್ಟರು. ಮುಂದಿನದನ್ನು ಅವರ ಬಾಯಿಂದಲೇ ನಾನು ಎಷ್ಟೋ ಸಲ ಕೇಳಿದ್ದೇನೆ, ಹೇಳಿದಾಗಲೆಲ್ಲ ಅವರಿಗೆ ಸಿಟ್ಟು ಹೊಸದಾಗಿ ಬರುತ್ತದೆ. ಕೈಯಲ್ಲಿ ತಗಡಿನ ಟ್ರಂಕು. ಚಿಕ್ಕಪ್ಪ ಮದುವೆಯಾದ ಹೊಸತರಲ್ಲಿ, ಹೆಂಡತಿಯ ಅಕ್ಕನ ಮುಂದೆ ಮೆರೆಯಲೆಂದು ಆ ಟ್ರಂಕಿನ ಮೇಲೆ ಅವರ ಹೆಸರು ಬರೆದು, ಮೂಲೆಯಲ್ಲಿ ಗಿಳಿ ಕೂರಿಸಿದ್ದರು.

ಮೊದಲು ಸಿಕ್ಕಿದವರು ನಮ್ಮ ಬೀದಿಯ ತಿರುವಿನಲ್ಲಿದ್ದ ಕಿರಾಣಿಯವರು. “ಇಲ್ಲಿ ಬೋರ್ಡು ಬರೆಯೋರ ಮನೆ ಎಲ್ಲಪ್ಪಾ?”

“ಬೋರ್ಡು ಬರೆಯೋರಾ? ನಮ್ಮೂರಲ್ಲಿ ಬೋರ್ಡೇ ಇಲ್ವಲ್ಲಮ್ಮಾ!” ಎಂದು ಅವರು ಬೋಳು ಗೋಡೆಗಳನ್ನು ತೋರಿಸಿದರು. ಬೇಕಿದ್ದರೆ ಆ ಕಡೆ ಕೇಳಿ ಎಂದು ಇಟ್ಟಿಗೆ ಗೂಡಿನ ದಾರಿ ಹಿಡಿಸಿದರು. ಚಿಕ್ಕಪ್ಪನ ಆಜ್ಞೆ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು, ಇಟ್ಟಿಗೆ ಗೂಡಿನವರು ಕೆರೆಯ ಕಡೆ ಕಳಿಸಿದರು. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಬಹಳ ಮರ್ಯಾದೆಯಿಂದ, ಕುಡಿಯಲು ನೀರು ಕೊಟ್ಟು, ಅವರ ಬಳಿಯಿದ್ದ ಬಾಟಲಿಯನ್ನೂ ತುಂಬಿಸಿ, ಮತ್ತೆ ಕಿರಾಣಿ ಅಂಗಡಿಗೇ ಕಳಿಸಿದರು. ಕಿರಾಣಿಯವರು ಅವರನ್ನು ಹಿಂದೆಂದೂ ನೋಡೇ ಇಲ್ಲದವರಂತೆ “ಯಾರು ಬೇಕಮ್ಮಾ?” ಎಂದರಂತೆ.

ಅಲ್ಲಿಗೆ ಅಕ್ಕನಿಗೆ ಎಲ್ಲ ಅರ್ಥವಾಯಿತು, ಎಂದರೆ ಎಲ್ಲವೂ ತಪ್ಪಾಗಿ ಅರ್ಥವಾಯಿತು. ಇದು ತಂಗಿಯದೇ ಕೆಲಸ. ಬಾ ಎಂದು ಕರೆದು, ಊರಿಗೆಲ್ಲ ಹೇಳಿಕೊಟ್ಟು ಬಾಗಿಲು ಹಾಕಿಸಿದ್ದಾಳೆ. “ನನಗೆ ಅವತ್ತು ಅಮ್ಮ ಇನ್ನೊಂದು ಸಲ ಸತ್ತಹಾಗಾಯ್ತು” ಎಂದು ಅವರು ಆಮೇಲೆ ಹೇಳಿದರು. ಯಾವ ಬಸ್ಸು ಸಿಕ್ಕಿದರೆ ಅದಕ್ಕೇ ವಾಪಸು ಹೋಗುವುದೆಂದು ತೀರ್ಮಾನಿಸಿದರು. ಗುಂಡು ಬಿದ್ದರೆ ಬೀಳಲಿ, ಸ್ವಂತ ಮನೆಯಲ್ಲಿ ಸಾಯುತ್ತೇನೆ ಎಂದುಕೊಂಡು ಪಕ್ಕದ ಕ್ಷೌರದಂಗಡಿಯವರನ್ನು ಬಸ್ ನಿಲ್ದಾಣದ ದಾರಿ ಕೇಳಿದರು. ಬಸ್ ನಿಲ್ದಾಣ ಎಡಕ್ಕೆ. ಮುಖ್ಯಸ್ಥರ ಆಜ್ಞೆಯಂತೆ ಅವರು ಬಲಕ್ಕೆ ಕೈ ತೋರಿಸಿದರು. ಬಲಕ್ಕೆ ಇದ್ದದ್ದು ನಮ್ಮ ಬೀದಿ.

ಬೀದಿಯ ತುದಿಗೆ ಬರುವಷ್ಟರಲ್ಲಿ ಅಕ್ಕನ ಕಾಲು ಸೋತಿತ್ತು. ಟ್ರಂಕನ್ನು ಗೋಡೆಗೆ ಒರಗಿಸಿದರು. ಟ್ರಂಕು ಉಜ್ಜಿ ಸುಣ್ಣದ ಹಕ್ಕಳೆಯೊಂದು ಉದುರಿತು. ಅದರಡಿಯಲ್ಲಿ ಒಂದು ಕೆಂಪು ಕೊಕ್ಕು. ಅಕ್ಕ ಟ್ರಂಕು ನೋಡಿದರು, ಗೋಡೆ ನೋಡಿದರು. ಬಾಟಲಿಯ ನೀರು ಎರಚಿ ಟವೆಲಿನಿಂದ ಉಜ್ಜಿದರು. ಗಿಳಿ ಇಡಿಯಾಗಿ ಹೊರಬಂತು, ಹಿಂದೆಯೇ ಬೀದಿಯ ಹೆಸರೂ. ಪಕ್ಕದ ಟೈಲರ್ ಅಂಗಡಿಯ ಬೋರ್ಡು ಉಜ್ಜಿದರು, ಗಿಳಿ. ಹಿಟ್ಟಿನ ಗಿರಣಿಯದು ಉಜ್ಜಿದರು, ಗಿಳಿ. “ಎಲ್ಲಿಗೆ ಹೋಗ್ತಾಳೆ ನೋಡ್ತೀನಿ!” ಎಂದು ಸೆರಗು ಬಿಗಿದು, ಮೊಣಕೈವರೆಗೆ ಸುಣ್ಣ ಮಾಡಿಕೊಂಡು, ಇಡೀ ಬೀದಿಯ ನಾಗರಿಕ ರಕ್ಷಣೆಯನ್ನು ತೊಳೆಯುತ್ತಾ ಬಂದರು.

ಕ್ಷೌರದಂಗಡಿಯವರು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಸೀಟಿ ಊದಿದರು. ಚಿಕ್ಕಪ್ಪ ಟೋಪಿ ಹಿಡಿದುಕೊಂಡು, ಕಿರಾಣಿಯವರು ಹೊಟ್ಟೆ ಹಿಡಿದುಕೊಂಡು ಓಡಿಬಂದರು. ಅಷ್ಟರಲ್ಲಿ ಅಕ್ಕ ನಮ್ಮ ಮನೆಯ ಮೆಟ್ಟಿಲ ಮೇಲಿನ ಬೋರ್ಡು ಉಜ್ಜುತ್ತಿದ್ದರು. ಸದ್ದಿಗೆ ನಾನು, ಚಿಕ್ಕಮ್ಮ ಹೊರಗೆ ಬಂದೆವು.

ಚಿಕ್ಕಪ್ಪನಿಗೆ ಅವರ ಗುರುತು ಹತ್ತಿತು, ಖಂಡಿತ ಹತ್ತಿತು. ಆದರೆ ಹಿಂದೆ ಬೀದಿಯವರೆಲ್ಲ ಕೋಲು ಹಿಡಿದು ನಿಂತಿದ್ದಾರೆ, ತಲೆಯ ಮೇಲೆ ಟೋಪಿ ಇದೆ. ಎದೆ ಸೆಟೆಸಿ, “ಗುರುತಿನ ಮಾತು ಹೇಳಿ!” ಎಂದರು.

ಅಕ್ಕ ಅವರ ಕಡೆ ತಿರುಗಿಯೂ ನೋಡಲಿಲ್ಲ. ತಂಗಿಯ ಮುಖಕ್ಕೆ ಸುಣ್ಣದ ಬೆರಳು ಚಾಚಿ ಗುಡುಗಿದರು: “ಎಲ್ಲೇ ಅದು? ಅಮ್ಮನ ಹೊಲಿಗೆ ಮಷಿನ್?”

ಕೋಲುಗಳೆಲ್ಲ ಒಟ್ಟಿಗೆ ಕೆಳಗಿಳಿದವು. ಕಿರಾಣಿಯವರು ಏದುಸಿರಿನಲ್ಲೇ ಸೆಲ್ಯೂಟ್ ಹೊಡೆದರು. “ನಮ್ಮೋರೇ ಕಣ್ರೋ, ದಾರಿ ಬಿಡಿ!” ಎಂದರು ಕ್ಷೌರದವರು.

ಅಕ್ಕ ಬೆಪ್ಪಾಗಿ ಸುತ್ತ ನೋಡಿದರು. “ಏನಿದು? ಇವರಿಗೆಲ್ಲ ಹೆಂಗೆ ಗೊತ್ತು?”

“ನೀನು ಬಂದ ತಕ್ಷಣ ಅದನ್ನೇ ಕೇಳ್ತೀಯ ಅಂತ ನಂಗೊತ್ತಿತ್ತಕ್ಕಾ,” ಎಂದರು ಚಿಕ್ಕಮ್ಮ. “ಬೇರೆ ಏನಾದ್ರೂ ಇಟ್ಟಿದ್ರೆ ನಿನ್ನ ಬಾಯಲ್ಲಿ ಬರ್ತಿತ್ತಾ?”

ಅಕ್ಕ ಒಳಗೆ ಹೋದರು. ಮಷಿನ್ನಿನಲ್ಲಿ ಅರ್ಧ ಹೊಲಿದ ಮರಳಿನ ಚೀಲ ಸಿಕ್ಕಿಕೊಂಡಿತ್ತು. “ಅಯ್ಯೋ ನಿನ್ನ! ಅಮ್ಮನ ಮಷಿನ್ನಲ್ಲಿ ಗೋಣಿ ಹೊಲಿದ್ಯಾ? ಸೂಜಿ ಏನಾಗ್ಬೇಕು?” ಎಂದು ಬೈಯುತ್ತಲೇ ಕೂತು ಚೀಲವನ್ನು ಸರಿಪಡಿಸಿದರು. ಚಿಕ್ಕಮ್ಮ ಅವರ ಪಕ್ಕ ನೆಲಕ್ಕೆ ಕೂತು, ಆ ಸುಣ್ಣದ ಮೊಣಕೈಗೆ ಹಣೆ ಒತ್ತಿಕೊಂಡು ಅತ್ತರು. ಅಕ್ಕನ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಕಾಲು ಮಾತ್ರ ಮಷಿನ್ ತುಳಿಯುತ್ತಲೇ ಇತ್ತು.

ಶತ್ರು ಕೊನೆಗೂ ಬರಲಿಲ್ಲ. ಅಕ್ಕ ವಾಪಸು ಹೋಗಲಿಲ್ಲ. ಅವರು ಬಂದ ಮಾರನೆಯ ದಿನ ಬೆಳಿಗ್ಗೆ ಚಿಕ್ಕಪ್ಪ ಟೋಪಿ ಇಟ್ಟುಕೊಂಡು, ಬಕೆಟ್ ತುಂಬ ಸುಣ್ಣ ಕಲಸಿಕೊಂಡು, ಬೀದಿಯ ಬೋರ್ಡುಗಳನ್ನೆಲ್ಲ ಮತ್ತೆ ಅಳಿಸಲು ಹೊರಟರು. ನಮ್ಮ ಮನೆಯ ಬೋರ್ಡಿನ ಹತ್ತಿರ ಬ್ರಷ್ ಎತ್ತಿ ಸ್ವಲ್ಪ ಹೊತ್ತು ನಿಂತರು. ಒಳಗೆ ಅಕ್ಕ ತಂಗಿ ಸೂಜಿಯ ವಿಷಯಕ್ಕೆ ಏರುದನಿಯಲ್ಲಿ ಜಗಳವಾಡುತ್ತಿದ್ದರು.

“ಇದೊಂದು ಇರ್ಲಿ ಬಿಡು,” ಎಂದು ನನಗೆ ಹೇಳಿ, ಬಕೆಟ್ ಎತ್ತಿಕೊಂಡು ಮುಂದಿನ ಮನೆಗೆ ಹೋದರು.