ಅಂಚು ಸೋರಿದ ದಾರಿ

ಅಪ್ಪ ನನ್ನ ಲ್ಯಾಪ್‌ಟಾಪಿಗೆ ಇಟ್ಟ ಹೆಸರು ‘ಡಬ್ಬ’. ಚಳ್ಳಕೆರೆಗೆ ಕಾಲೇಜಿಗೆ ಹೋಗುತ್ತಿದ್ದಾಗ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಮುಚ್ಚಳದ ಒಂದು ಕೀಲು ಮುರಿದಿದೆ, ಅದಕ್ಕೆ ಅವ್ವ ಸೀರೆ ಪ್ಯಾಕಿಂಗಿನ ಟೇಪು ಸುತ್ತಿದ್ದಾಳೆ. ಮೊದಲೆಲ್ಲ ಆನ್ ಮಾಡಿ ಮುಖ ತೊಳೆದು ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು. ಅದರಲ್ಲಿದ್ದ ವಿಂಡೋಸ್ ಅಳಿಸಿ, ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಹಾಕಿದ ದಿನ ನೋಡಬೇಕಿತ್ತು ನೀವು, ಗುಂಡಿ ಒತ್ತಿ ಕೈ ತೆಗೆಯುವಷ್ಟರಲ್ಲಿ ಎದ್ದು ಕೂತಿತು! ಅಡುಗೆಮನೆಗೆ ಓಡಿ ಅವ್ವನನ್ನು ಎಳೆದುಕೊಂಡು ಬಂದೆ. ಗಾಬರಿಯಾದರೆ ಅವ್ವನ ಬಾಯಲ್ಲಿ ಬರುವುದು ತೆಲುಗೇ. “ಏಮಾಯೆ, ಏಮಾಯೆ?” ಎನ್ನುತ್ತ, ಏನಾಯಿತೋ ಎಂದು ಹಿಟ್ಟಿನ ಕೈಯಲ್ಲೇ ಬಂದವಳು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡುವುದನ್ನು ನೋಡಿ, “ಇದಕ್ಕಾ ಕರ್ದಿದ್ದು? ಕೆಟ್ಟೋಗೈತೆ ಕಣೇ ಅದು” ಅಂದು ರೊಟ್ಟಿ ತಟ್ಟಲು ಹೋದಳು.

ಕೆಟ್ಟಿರಲಿಲ್ಲ, ನನ್ನ ಮಾತು ಕೇಳಲು ಶುರುಮಾಡಿತ್ತು ಅಷ್ಟೇ. ಪರದೆಯ ಮೇಲೆ ಏನು ಎಲ್ಲಿರಬೇಕು, ಕಿಟಕಿಗಳು ಯಾವ ಕಡೆಯಿಂದ ತೆರೆದುಕೊಳ್ಳಬೇಕು, ಗಡಿಯಾರ ಯಾವ ಲಿಪಿಯಲ್ಲಿರಬೇಕು, ಎಲ್ಲಕ್ಕೂ ಇಲ್ಲಿ ನಾನೇ ಯಜಮಾನಿ. ಒಂದು ಫೈಲಿನಲ್ಲಿ ನಾಲ್ಕು ಸಾಲು ಬದಲಿಸಿದರೆ ಮನೆಯೇ ಬದಲಾದಂತೆ. ಒಂದು ಚುಕ್ಕೆ ತಪ್ಪಿದರೆ ಪರದೆಯೇ ಬರುವುದಿಲ್ಲ, ಆ ಮಾತು ಬೇರೆ. ಹಾಗಾದಾಗಲೆಲ್ಲ ಫೋನಿನಲ್ಲಿ ಹುಡುಕಿ, ತಲೆ ಕೆರೆದುಕೊಂಡು, ಸರಿಮಾಡಿ, ಮತ್ತೆ ಕೆಡಿಸಿದ್ದೇನೆ. ಮೊದಲು ಹಿನ್ನೆಲೆಗೆ ಸಿದ್ದಾಪುರದ ಬಂಡೆಗಳ ಫೋಟೋ ಹಾಕಿದ್ದೆ. ಅದು ಬೇಸರವಾದ ಮೇಲೆ ಕಣ್ಣು ಅಪ್ಪನ ಮಗ್ಗದ ಮೇಲೆ ಬಿತ್ತು.

ಅಪ್ಪ ರೇಷ್ಮೆ ಸೀರೆ ನೇಯುವವನು. ನಮ್ಮ ಮೊಳಕಾಲ್ಮೂರಿನಲ್ಲಿ ನೇಯುವವರಿಗೇನೂ ಕಡಿಮೆಯಿಲ್ಲ, ಆದರೆ ಅಪ್ಪನ ಅಂಚಿಗೆ ಬೇರೆಯೇ ಬೆಲೆ. ಹೊಸ ಅಂಚನ್ನು ಅವನು ಮೊದಲು ಗ್ರಾಫ್ ಹಾಳೆಯಲ್ಲಿ ಚೌಕ ಚೌಕಕ್ಕೂ ಬಣ್ಣ ತುಂಬಿ ಬರೆಯುತ್ತಾನೆ. ಆ ಸಲ ಬರೆದದ್ದು ಜೋಳದ ತೆನೆಗಳ ನಡುವೆ ಕೂತ ಗಿಳಿಗಳ ಸಾಲು, ಪ್ರತಿ ಗಿಳಿಯ ಕೊಕ್ಕಿನಲ್ಲೂ ಒಂದು ಕಾಳು. ಸೀರೆ ಮಗ್ಗದಿಂದ ಇಳಿಯುವ ತನಕ ಅದನ್ನು ಯಾರೂ ನೋಡಕೂಡದು. ಹೊರಗಿನವರು ಬಂದರೆ ಮಗ್ಗಕ್ಕೆ ಹಳೇ ಬೆಡ್‌ಶೀಟು ಹೊದಿಸುತ್ತಾನೆ. ಒಡಹುಟ್ಟಿದ ತಂಗಿ, ನಮ್ಮ ಸೋದರತ್ತೆ, ಬಂದರೂ ಹೊದಿಸುತ್ತಾನೆ. ಆ ಅಂಚು ಮದುವೆ ಕಾಲಕ್ಕೆ ಬೇರೆಯವರ ಸೀರೆಯಲ್ಲಿ ಮೊದಲು ಬಂದುಬಿಟ್ಟರೆ ಅಪ್ಪನದ್ದೇ ನಕಲು ಅನ್ನಿಸಿಕೊಳ್ಳುತ್ತದೆ, ಅದಕ್ಕೆ.

ಗ್ರಾಫಿನ ಒಂದು ಚೌಕ ಅಂದರೆ ಪರದೆಯ ಒಂದು ಚುಕ್ಕೆ! ಇಷ್ಟು ಹೊಳೆದದ್ದೇ ತಡ, ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಗಿಳಿಸಾಲನ್ನು ಪರದೆಯ ಕೆಳಗಿನ ಪಟ್ಟಿಯಾಗಿ ಬಿಡಿಸಿದೆ. ಮೇಲೆ ಜರಿಯ ಬಣ್ಣದಲ್ಲಿ ಕನ್ನಡ ಅಂಕಿಗಳ ಗಡಿಯಾರ. ಹೊಸ ಕಿಟಕಿ ತೆರೆದರೆ ಲಾಳಿ ಓಡಿದ ಹಾಗೆ ಪಕ್ಕದಿಂದ ಸರ್ರನೆ ಬರುತ್ತಿತ್ತು. ಬ್ಯಾಟರಿ ಇಳಿಯುತ್ತ ಬಂದರೆ ಗಿಳಿಗಳ ಕಾಳು ಒಂದೊಂದಾಗಿ ಕೆಂಪಗಾಗುತ್ತಿದ್ದವು. ಅದನ್ನು ನೋಡಲೆಂದೇ ನಾನು ಚಾರ್ಜರ್ ಕಿತ್ತು ಕೂರುತ್ತಿದ್ದೆ. ಹೀಗೆ ಪರದೆ ಸಿಂಗರಿಸುವವರದ್ದೇ ಒಂದು ಗುಂಪು ಇಂಟರ್‌ನೆಟ್ಟಿನಲ್ಲಿದೆ, ತಮ್ಮ ತಮ್ಮ ಪರದೆಯ ಚಿತ್ರ ಹಾಕಿ ಮೆರೆಯುತ್ತಾರೆ. ನನ್ನ ಕೈಯೂ ತುರಿಸಿತು, ಆದರೆ ಅಪ್ಪನ ಬೆಡ್‌ಶೀಟು ನೆನಪಾಗಿ ಸುಮ್ಮನಾದೆ. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದ. “ಹೂಂ” ಅಂದ. ಹೋಗಿ ಮಗ್ಗದ ಮುಂದೆ ಕೂತ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಕೆಲವು ದಿನ ಕಳೆದಿರಬೇಕು. ಚಳ್ಳಕೆರೆಯಲ್ಲಿ ಅಪ್ಪನ ಸೀರೆಗಳನ್ನು ಕೊಳ್ಳುವ ಅಂಗಡಿಯವರು ಫೋನ್ ಮಾಡಿದರು. ಯಾರೋ ವ್ಯಾಪಾರಿ ತಮ್ಮಲ್ಲಿಗೆ ಬಂದು ಗಿಳಿ, ತೆನೆ, ಕಾಳಿನ ಅಂಚಿನ ಫೋಟೋ ತೋರಿಸಿ, ಇಂಥದ್ದನ್ನು ನೇಯಿಸಿಕೊಟ್ಟರೆ ಎಷ್ಟು ಸೀರೆ ತಗೊಳ್ತೀರಿ ಅಂತ ಕೇಳಿದನಂತೆ. ಅಪ್ಪ ಅವರೊಬ್ಬರಿಗೆ ಮಾತ್ರ ಗ್ರಾಫ್ ತೋರಿಸಿದ್ದರಿಂದ ಅವರಿಗೆ ಗುರುತು ಹತ್ತಿತ್ತು. ಫೋನ್ ಇಟ್ಟವನೇ ಅಪ್ಪ ನನ್ನ ಮುಂದೆ ಬಂದು ನಿಂತ.

“ಮಗ್ಗಕ್ಕೆ ಬಟ್ಟೆ ಹೊದಿಸೇನಿ. ಹಾಳೆ ಬೀರುವಿನಾಗೈತೆ. ಹೊರಗಿರೋದು ನಿನ್ ಡಬ್ಬದಾಗೆ ಮಾತ್ರ. ಅದ್ರಿಂದ್ಲೇ ಹೋಗೈತೆ.”

“ಡಬ್ಬದಿಂದ ಹೋಗಿಲ್ಲಪ್ಪಾ.”

“ಮತ್ತೆಲ್ಲಿಂದ ಹೋತು, ತೋರ್ಸು. ತೋರ್ಸಿದ್ರೆ ಸರಿ. ಇಲ್ದಿದ್ರೆ ಡಬ್ಬ ಅಟ್ಟಕ್ಕೆ. ಮತ್ತೆ ಕೆಳಗೆ ಇಳಿಸೋ ಮಾತೇ ಇಲ್ಲ.”

ಅಪ್ಪ ಒಂದು ಸಲ ಅಂದರೆ ಅಂದ ಹಾಗೇ. ನನಗೆ ಹೆದರಿಕೆಯಾಯಿತು, ನಿಜ. ಆದರೆ ಅದರ ಕೆಳಗೇ ಇನ್ನೊಂದು ಆಸೆ ಕುಣಿಯುತ್ತಿತ್ತು. ಲಿನಕ್ಸಿನಲ್ಲಿ ನಾನು ಬಣ್ಣ ಬಳಿಯುವುದನ್ನಷ್ಟೇ ಕಲಿತಿರಲಿಲ್ಲ. ಒಂದು ನೆಟ್‌ವರ್ಕಿನಲ್ಲಿ ಯಾವ ಬಾಗಿಲು ತೆರೆದಿದೆ, ಯಾವುದಕ್ಕೆ ಬೀಗವೇ ಇಲ್ಲ ಎಂದು ಪರೀಕ್ಷಿಸುವುದನ್ನೂ ವಿಡಿಯೋ ನೋಡಿ ನೋಡಿ ಕಲಿತಿದ್ದೆ. ಕೇಳದೆ ಇನ್ನೊಬ್ಬರ ನೆಟ್‌ವರ್ಕ್ ಮುಟ್ಟಬಾರದು ಎನ್ನುವುದು ಅದರ ಮೊದಲ ಪಾಠ. ಹಾಗಾಗಿ ಕಲಿತದ್ದನ್ನು ಮಾಡಿ ನೋಡಲು ಜಾಗವೇ ಸಿಕ್ಕಿರಲಿಲ್ಲ.

“ನಮ್ಮನೆ ವೈಫೈನ ಪರೀಕ್ಷೆ ಮಾಡ್ಲಾ? ಬಿಲ್ಲು ಕಟ್ಟೋನು ನೀನು, ನೀನು ಒಪ್ಪಬೇಕು” ಅಂದೆ.

“ಏನರ ಮಾಡ್ಕೋ, ಕಳ್ಳನ್ನ ಹಿಡಿ” ಅಂದ.

ಕಮಾಂಡ್ ಬರೆದು ಎಂಟರ್ ಒತ್ತಿದೆ. ನಮ್ಮ ವೈಫೈಗೆ ಅಂಟಿಕೊಂಡಿದ್ದವೆಲ್ಲ ಪರದೆಯ ಮೇಲೆ ಸಾಲಾಗಿ ಇಳಿಯತೊಡಗಿದವು. ರೂಟರ್, ಟಿವಿ, ಅಪ್ಪನ ಫೋನು, ಅವ್ವನ ಫೋನು, ಕಳ್ಳರ ಭಯಕ್ಕೆ ಅಪ್ಪ ಮಗ್ಗದ ಕೋಣೆಗೆ ಹಾಕಿಸಿದ್ದ ಕ್ಯಾಮೆರಾ. ಅಷ್ಟಕ್ಕೇ ನಿಲ್ಲಲಿಲ್ಲ, ನಮ್ಮದಲ್ಲದ ಫೋನುಗಳೂ ಬಂದವು! ಯೋಚಿಸಿದರೆ ಆಶ್ಚರ್ಯವೇನಿರಲಿಲ್ಲ. ನಮ್ಮ ವೈಫೈ ಪಾಸ್‌ವರ್ಡ್ ಅಪ್ಪನ ಫೋನ್ ನಂಬರು, ಆ ನಂಬರು ಮನೆ ಮುಂದಿನ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿದೆ. ನಾನು ಪಾಸ್‌ವರ್ಡ್ ಬದಲಿಸಿದ ತಕ್ಷಣ ಎದುರಿನ ಟೀ ಅಂಗಡಿಯ ಬೆಂಚಿನಿಂದ, “ಲೇ, ನೆಟ್ ಹೋತಲ್ಲೋ! ಕೊನೇ ಓವರ್ರಲೇ!” ಎಂಬ ಕೂಗು ಕೇಳಿಸಿತು. ನಾನೂ ಅವ್ವನೂ ಬಾಗಿಲ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಗೆಳತಿಯ ಲ್ಯಾಪ್‌ಟಾಪ್ ಕೇಳಿ ತಂದು, ಅದರಿಂದ ನನ್ನ ಡಬ್ಬವನ್ನೇ ಪರೀಕ್ಷೆಗೆ ಕೂರಿಸಿದೆ. ಅದರ ಬಾಗಿಲುಗಳೆಲ್ಲ ಭದ್ರವಾಗಿದ್ದವು. ನನ್ನ ಡಬ್ಬ! ಮುದ್ದು ಬಂತು. ಉಳಿದದ್ದು ಕ್ಯಾಮೆರಾ. ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ. ವಿಳಾಸ ಹೊಡೆದದ್ದೇ ಮಗ್ಗದ ಕೋಣೆ ಪರದೆಯ ಮೇಲೆ ತೆರೆದುಕೊಂಡಿತು, ಅದರಲ್ಲಿ ಅಪ್ಪ ಬೆನ್ನು ಕೆರೆದುಕೊಳ್ಳುತ್ತ ಕೂತಿದ್ದ.

“ಅಪ್ಪಾ, ಬೆನ್ನು ಕೆರ್ಕೊಳ್ಳೋದು ಬಿಟ್ಟು ಇಲ್ಲಿ ಬಾ!”

ಗೋಡೆಯ ಆಚೆಯಿಂದ ಕೂಗಿದ್ದಕ್ಕೆ ಅಪ್ಪ ಬೆಚ್ಚಿಬಿದ್ದದ್ದೂ ಪರದೆಯಲ್ಲಿ ಕಂಡಿತು. ಓಡಿ ಬಂದು ನೋಡಿದ. “ಯಾರು ಬೇಕಾದ್ರೂ ನೋಡ್ಬಹುದಾ ಹಿಂಗೆ?”

“ನಮ್ಮ ವೈಫೈ ಒಳಗೆ ಬಂದಿರೋರು ಯಾರಾದ್ರೂ.”

“ಸಿಕ್ತಲ್ಲ ಮತ್ತೆ! ಇದೇ ಕಳ್ಳ!” ಅಂದು ತೊಡೆ ತಟ್ಟಿದ. ಡಬ್ಬ ಉಳಿಯಿತು ಅಂತ ನಾನು ಅಲ್ಲಿಗೇ ಬಿಡಬಹುದಿತ್ತು, ಅವ್ವ ಕಣ್ಣಲ್ಲೇ ಬಿಡು ಬಿಡು ಅಂದಳು. ಆದರೆ ನನ್ನ ಸ್ವಭಾವವೇ ಸರಿಯಿಲ್ಲ. ಆ ಕ್ಯಾಮೆರಾದಲ್ಲಿ ಕಾಣುತ್ತಿದ್ದದ್ದು ಅಪ್ಪನ ಬೆನ್ನು, ಬೋಳುತಲೆ, ಮಬ್ಬು ಮಬ್ಬು ಮಗ್ಗ. ಗಿಳಿ ಎಲ್ಲಿಂದ ಕಾಣಬೇಕು, ಅದರ ಕೊಕ್ಕಿನ ಕಾಳು ಎಲ್ಲಿಂದ? “ಇದಲ್ಲಪ್ಪಾ” ಅಂದೆ. ಅಪ್ಪನ ಮುಖ ಮತ್ತೆ ಬಿಗಿದುಕೊಂಡಿತು. “ಹಂಗಾದ್ರೆ ಡಬ್ಬಾನೇ” ಅಂದು ಏಣಿ ತರಲು ಹಿತ್ತಲಿಗೆ ಹೊರಟ. “ಅಂಗಡಿಯವ್ರಿಗೆ ಫೋಟೋ ಕಳ್ಸೋಕೆ ಬರಲ್ಲ, ಚಳ್ಳಕೆರೆಗೆ ಹೋಗಿ ನಾನೇ ನೋಡ್ಕೊಂಡು ಬರ್ತೀನಿ, ಅಲ್ಲಿ ತನಕ ಮುಟ್ಬೇಡ” ಎಂದು ಬೇಡಿಕೊಂಡು ಬಸ್ಸು ಹತ್ತಿದೆ.

ಹಾನಗಲ್, ಬಿ.ಜಿ.ಕೆರೆ, ತಳಕು. ಕಾಲೇಜಿಗೆ ಓಡಾಡಿದ ದಾರಿಯೇ, ಆದರೆ ಅವತ್ತಿನಷ್ಟು ಉದ್ದ ಯಾವತ್ತೂ ಅನ್ನಿಸಿರಲಿಲ್ಲ. ಅಂಗಡಿಯವರು “ಬಾರಮ್ಮ, ಕುಂತ್ಕ” ಎಂದು ಟೀ ತರಿಸಿದರು. ಟೀ ಮುಟ್ಟದೆ ಫೋಟೋ ಕೇಳಿದೆ. ವ್ಯಾಪಾರಿ ಕಳಿಸಿದ್ದು ಅವರ ಫೋನಿನಲ್ಲಿತ್ತು. ಗಿಳಿಸಾಲು ಕಂಡಿತು. ಅದರ ಮೇಲೆ ನನ್ನ ಕನ್ನಡ ಅಂಕಿಯ ಗಡಿಯಾರವೂ ಕಂಡಿತು! ನನ್ನ ಡಬ್ಬವೇ, ನನ್ನ ಪರದೆಯೇ. ಹಾಗಾದರೆ ಅಪ್ಪ ಹೇಳಿದ್ದೇ ನಿಜವಾಯಿತು ಅಂದುಕೊಳ್ಳುವಾಗ, ಪರದೆಯ ಗಾಜಿನಲ್ಲಿ ಫೋನು ಎತ್ತಿ ಹಿಡಿದ ಬೋಳುತಲೆಯೊಂದರ ನೆರಳು ಬಿದ್ದಿರುವುದು ಕಾಣಿಸಿತು. ಚಿತ್ರದ ಕೆಳಗೆ ಒಂದು ಸಾಲು ಬರಹವೂ ಇತ್ತು. “ನನ್ನ ಮಗಳು ಕಂಪ್ಯೂಟರಿನಲ್ಲಿ ಮಾಡಿದ್ದು. ಹೆಂಗೈತೆ?”

“ಯಾರದೋ ಸ್ಟೇಟಸ್ಸಿನಾಗೆ ಸಿಕ್ತು ಅಂದಿದ್ದ ಕಣಮ್ಮ ಅವ್ನು. ನಾನು ಅಂಚು ನೋಡಿದ್ನೇ ಹೊರ್ತು ಮಿಕ್ಕಿದ್ದು ನೋಡ್ಲಿಲ್ಲ” ಅಂದರು ಅಂಗಡಿಯವರು.

ಅಪ್ಪನ ವಾಟ್ಸಾಪ್ ಸ್ಟೇಟಸ್. ದಿನಾ ಬೆಳಿಗ್ಗೆ ದೇವರ ಫೋಟೋ ಹಾಕುತ್ತಾನೆಂದು ನಾನು ಅದನ್ನು ಕಾಣದಂತೆ ಮಾಡಿಟ್ಟು ಎಷ್ಟೋ ಕಾಲವಾಗಿತ್ತು. “ಹೂಂ” ಅಂದು ಎದ್ದು ಹೋದವನು ನಾನಿಲ್ಲದಾಗ ಬಂದು, ಡಬ್ಬ ತೆರೆದು, ಫೋಟೋ ತೆಗೆದು, ತನಗೆ ಗೊತ್ತಿರುವ ಅಷ್ಟೂ ಜನಕ್ಕೆ ತೋರಿಸಿದ್ದ. ಆ ಜನದಲ್ಲಿ ಆ ವ್ಯಾಪಾರಿಯೂ ಇದ್ದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸೀರೆ ಅಂಗಡಿಯ ಬಿಳಿ ಹಾಸಿಗೆಯ ಮೇಲೆ ಕೂತು ನಗುತ್ತಿದ್ದೆ, ಕಣ್ಣೊರೆಸಿಕೊಳ್ಳುತ್ತಿದ್ದೆ. ಅಂಗಡಿಯವರು ಗಾಬರಿಯಾಗಿ ಇನ್ನೊಂದು ಟೀ ತರಿಸಿದರು.

ಮನೆಗೆ ಬಂದಾಗ ಏಣಿ ಅಟ್ಟಕ್ಕೆ ಒರಗಿಸಿ ಸಿದ್ಧವಾಗಿತ್ತು. ಅಪ್ಪ ಲಾಳಿ ಬಿಡದೆಯೇ ಕೇಳಿದ. “ಸಿಕ್ನಾ ಕಳ್ಳ?”

“ಸಿಕ್ದ. ಬೋಳುತಲೆ, ಕನ್ನಡಕ, ರೇಷ್ಮೆ ನೇಯ್ತಾನೆ.” ಆ ಫೋಟೋ ಹಾಕಿಕೊಂಡು ಬಂದಿದ್ದ ನನ್ನ ಫೋನನ್ನು ಅವನ ಕೈಗಿಟ್ಟೆ.

ಲಾಳಿ ನಿಂತಿತು. ಅಪ್ಪ ಫೋಟೋ ನೋಡಿದ, ಬರಹ ನೋಡಿದ, ಗಾಜಿನಲ್ಲಿದ್ದ ತನ್ನನ್ನೇ ನೋಡಿದ. ಅವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು.

“ಇದ್ರಾಗೆ ಅಂಚು ಕಾಣ್ತೈತಲ್ಲಾ!” ಅಂದ ಅಪ್ಪ.

“ನೀನೇ ತೆಗ್ದಿದ್ದಲ್ಲಪ್ಪಾ. ತೆಗೆಯೋವಾಗ ಕಾಣ್ಲಿಲ್ವಾ?”

“ನಾನೆಲ್ಲಿ ಅಂಚು ನೋಡಿದೆ ತಾಯಿ” ಅಂದ. ಕನ್ನಡಕ ತೆಗೆದು ಒರೆಸತೊಡಗಿದ. “ನೀ ಮಾಡಿದ್ದು ನೋಡ್ತಿದ್ದೆ.”

ಗಿಳಿಗಳನ್ನು ಸಂಜೆಯೊಳಗೇ ಬದಲಿಸಿದೆವು. ಮಗ್ಗದಲ್ಲಿದ್ದ ಗಿಳಿ ಸೀರೆಯನ್ನು ಅವ್ವನಿಗೇ ಅಂತ ಇಟ್ಟು, ಮುಂದಿನದಕ್ಕೆ ಹೊಸ ಅಂಚು ಬಿಡಿಸಿದೆವು, ಈ ಸಲ ಹಾಳೆಯಲ್ಲಲ್ಲ, ನೇರ ನನ್ನ ಪರದೆಯಲ್ಲಿ. ನಾನು ಚುಕ್ಕೆ ತುಂಬುತ್ತಿದ್ದೆ, ಅಪ್ಪ ಪಕ್ಕದಲ್ಲಿ ಕೂತು “ಅದಲ್ಲ, ಇನ್ನೊಂದು ಮ್ಯಾಲೆ” ಎನ್ನುತ್ತ ಪರದೆಗೆ ಬೆರಳು ಒತ್ತಿ ಒತ್ತಿ ಕಲೆ ಮಾಡುತ್ತಿದ್ದ. ಈ ಹೊಸ ಅಂಚಿನಲ್ಲಿ ಗಿಳಿಗಳೆಲ್ಲ ಹಾರುತ್ತಿದ್ದವು, ಕಾಳು ಮಾತ್ರ ತೆನೆಯಲ್ಲೇ ಉಳಿದಿತ್ತು.

ಮರುದಿನ ಸೋದರತ್ತೆ ಬಂದಳು. ಅವಳ ಚಪ್ಪಲಿಯ ಸದ್ದು ಕೇಳಿದ್ದೇ ಅಪ್ಪ ಎದ್ದು ಎರಡು ಬೆಡ್‌ಶೀಟು ತೆಗೆದ. ಒಂದನ್ನು ಮಗ್ಗಕ್ಕೆ ಹೊದಿಸಿದ, ಇನ್ನೊಂದನ್ನು ಡಬ್ಬಕ್ಕೆ.