ಸೈನಿಕನಿಗೆ ನಾನು ಜೋಡಿಸಿದ ಕೈ

"ಈ ಕೈ ಯಾರು ಹಾಕಿದ್ದು?" ಡಬ್ಬಿ ತೆರೆದ ಮಹಿಳೆ ಹಿಂದಿಯಲ್ಲಿ ಕೇಳಿದಾಗ ನಾನು ಹೆಮ್ಮೆಯಿಂದಲೇ "ನಾನೇ" ಎಂದೆ. ಅವರ ಮುಖ ಬಿಳಿಚಿಕೊಂಡಿತು.

ಬ್ಯಾಂಕಿನ ವರ್ಗಾವಣೆಯ ಮೇಲೆ ವಡೋದರಕ್ಕೆ ಬಂದ ನನಗೆ ಹಳೆಯ ವಿದೇಶಿ ಗೊಂಬೆಗಳನ್ನು ಕೂಡಿಟ್ಟು, ರಿಪೇರಿ ಮಾಡಿ ಬಣ್ಣ ಬಳಿಯುವ ಹುಚ್ಚು. ಅದನ್ನು ಕೇಳಿ ತಿಳಿದ ಈ ಮಹಿಳೆ, ತಮ್ಮನ ಬಾಲ್ಯದ ಅಮೆರಿಕನ್ ಸೈನಿಕನ ಗೊಂಬೆಯನ್ನು ಮಂಜಲ್‌ಪುರದ ನಮ್ಮ ಫ್ಲ್ಯಾಟಿಗೆ ತಂದು, ಕೊಳೆ ತೆಗೆದು ಬಣ್ಣ ಹಚ್ಚಿಕೊಡಲು ಹೇಳಿದ್ದರು. ಅದಕ್ಕೆ ಬಲಗೈ ಇರಲಿಲ್ಲ. ನನ್ನ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಅಳತೆಗೆ ಸರಿಯಾದ ಕೈಯೊಂದು ಸಿಕ್ಕಿತು. ಖುಷಿಪಡಲಿ ಎಂದು ಕೇಳದೆಯೇ ಜೋಡಿಸಿದ್ದೆ.

"ಎಂಟು ವರ್ಷದವನಿದ್ದಾಗ ಅಪಘಾತದಲ್ಲಿ ನನ್ನ ತಮ್ಮನ ಬಲಗೈ ಹೋಯಿತು. ಆಸ್ಪತ್ರೆಯಿಂದ ಬಂದ ದಿನವೇ ಗೊಂಬೆಯ ಕೈಯನ್ನೂ ಅವನೇ ಕಿತ್ತುಹಾಕಿದ," ಎಂದರು. ಈಗಲೇ ತೆಗೆದುಬಿಡುತ್ತೇನೆಂದು ನಾನು ಸ್ಕ್ರೂಡ್ರೈವರ್ ಹುಡುಕತೊಡಗಿದೆ.

ಅಷ್ಟರಲ್ಲಿ ಕೆಳಗೆ ಆಟೋದಲ್ಲಿ ಕಾಯುತ್ತಿದ್ದ ಆ ತಮ್ಮನೇ ಮೇಲೆ ಬಂದರು. ನಲವತ್ತು ದಾಟಿದವರು, ಅಂಗಿಯ ಬಲತೋಳನ್ನು ಮಡಚಿ ಪಿನ್ ಹಾಕಿದ್ದರು. ಗೊಂಬೆಯನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಅದರ ಹೊಸ ಕೈಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದರು.

"ರೆಹನೇ ದೋ, ದೀದಿ," ಇರಲಿ ಬಿಡು ಎಂದು ಅಕ್ಕನಿಗೆ ಹೇಳಿದರು. "ನಮ್ಮಿಬ್ಬರಲ್ಲಿ ಒಬ್ಬನಿಗಾದರೂ ಕೈ ಬಂತಲ್ಲ."

ಹಾಗೆಂದು ಜೋರಾಗಿ ನಕ್ಕರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ನಗು ಸಂತೋಷದ್ದೋ, ನನ್ನ ಪೆಚ್ಚು ಮುಖ ನೋಡಿ ಬಂದದ್ದೋ ಇಂದಿಗೂ ಗೊತ್ತಾಗಿಲ್ಲ. ನಾನು ಸರಿಪಡಿಸಿದೆನೋ, ಕೆಡಿಸಿದೆನೋ ಅದೂ ತಿಳಿಯದು. ಈಗ ಯಾರಾದರೂ ಮುರಿದ ಗೊಂಬೆ ತಂದರೆ, ಇದು ಹೀಗೆಯೇ ಇರಬೇಕೇ ಎಂದು ಮೊದಲು ಕೇಳುತ್ತೇನೆ.