ಕೂಳಿಯೊಳಗಿನ ಗಾಳಿಕೊಳವೆ

ನಮ್ಮ ಮನೆಯ ರಾಗಿಹಿಟ್ಟಿನ ಜರಡಿ ಕೆಲವು ವಾರ ನೀರಿನೊಳಗೆ ಸಂಸಾರ ಮಾಡಿತ್ತು ಎಂದರೆ, ಗೆಳೆಯರೇ, ನೀವು ನಂಬಲಾರಿರಿ; ಈಗೀಗ ನಾನೂ ಪೂರ್ತಿಯಾಗಿ ನಂಬುವುದಿಲ್ಲ. ಪ್ರಾಣಿಶಾಸ್ತ್ರದ ಪದವಿ ಹೊತ್ತು, ಹುಣಸೂರಿನ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತ, ಕಣ್ಣಾರೆ ಕಂಡದ್ದನ್ನೂ ಎರಡು ಸಲ ಪ್ರಶ್ನಿಸಿ ಎಂದು ಮಕ್ಕಳಿಗೆ ಬೋಧಿಸುವವನು ತನ್ನ ನೆನಪನ್ನು ಮಾತ್ರ ಪ್ರಶ್ನಿಸದೆ ಬಿಟ್ಟರೆ ನ್ಯಾಯವಾಗದು. ಆದರೆ ಜರಡಿಯ ವಿಷಯದಲ್ಲಿ ಸಾಕ್ಷಿ ಉಂಟು. ಅದರ ತಂತಿಬಲೆ ಇಂದಿಗೂ ಒಂದು ಪಕ್ಕಕ್ಕೆ ಡೊಂಕು. ಹಿಟ್ಟು ಜಲ್ಲಿಸುವಾಗಲೆಲ್ಲ ನನ್ನ ಹೆಂಡತಿ ಗಿರಿಜೆ ಆ ಡೊಂಕನ್ನು ನನ್ನ ಕಡೆಗೇ ತಿರುಗಿಸಿ ಹಿಡಿಯುತ್ತಾಳೆ.

ಡೊಂಕು ಮಾಡಿದ್ದು ಒಂದು ಮೀನು. ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾದ ವರ್ಷವೋ ಅದರ ಹಿಂದಿನದೋ, ನಾನು ಹಜಾರದ ಕಿಟಕಿಯ ಬಳಿ ಒಂದು ಗಾಜಿನ ತೊಟ್ಟಿ ಇಟ್ಟೆ. ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ, ಸಂದಿಗಳಿಗೆ ಪುಟ್ಟಿ ಮೆತ್ತಿ ಮಾಡಿಸಿದ್ದು. ಕಾಲ್ಚೆಂಡಿನ ಬ್ಲಾಡರಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಅದರ ಮೂತಿಗೆ ರಬ್ಬರಿನ ನಳಿಗೆ, ನಳಿಗೆಯ ತುದಿಗೆ ಗಾಜಿನ ಕೊಳವೆ ಸೇರಿಸಿ, ತಳದಿಂದ ಗುಳ್ಳೆಗಳು ಸಾಲಾಗಿ ಏಳುವಂತೆ ಮಾಡಿದೆ. ಪಿರಿಯಾಪಟ್ಟಣದ ಕಡೆಯ ನೆಂಟರು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ತೂಗುಹಾಕುವ ಉಷ್ಣಮಾಪಕವೊಂದನ್ನು ಕೊಟ್ಟಿದ್ದರು, ಅದನ್ನೂ ಇಳಿಬಿಟ್ಟೆ. ಬ್ಲಾಡರ್ ಕೊಟ್ಟವರು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ತಿಮ್ಮೇಗೌಡರು. ಲಕ್ಷ್ಮಣತೀರ್ಥದಿಂದ ಗಡಿಗೆಯಲ್ಲಿ ಮೀನಿನ ಮರಿಗಳನ್ನು ತಂದವರೂ ಅವರೇ. ಎಲ್ಲವೂ ಸಾಧುವಾದ ಗೆಂಡೆ ಮೀನಿನ ಮರಿಗಳೆಂದು ಅವರೇ ಹೇಳಿದರೆಂದು ನನ್ನ ನೆನಪು.

“ನಾನೆಲ್ ಯೋಳ್ದೆ? ಗಡಿಗೆ ಒಳೀಕೆ ಬಗ್ಗಿ ನೋಡಿ ಗೆಂಡೆ ಅಂದೋರು ನೀವೇ ಕಣ್ ಮೇಷ್ಟ್ರೇ” ಎಂಬುದು ಅವರ ವಾದ.

ಯಾರು ಹೇಳಿದ್ದಾದರೂ ಸರಿಯೆ, ಅವುಗಳಲ್ಲಿ ಒಂದು ಕೊರವ, ಹಾವಿನಂಥ ತಲೆಯ ಬೇಟೆಗಾರ ಮೀನು. ಅದು ಜೊತೆಯವರನ್ನೆಲ್ಲ ತಿಂದು ಮುಗಿಸಿ, ತೊಟ್ಟಿಗೆ ತಾನೊಬ್ಬನೇ ಒಡೆಯನಾಗಿ, ಮೊಳದುದ್ದ ಬೆಳೆಯಿತು. ಗಿರಿಜೆ ಗೇಣುದ್ದ ಎನ್ನುತ್ತಾಳೆ. ಅದು ಮಾಡಿದ ನಷ್ಟದಿಂದ ಅಳೆದರೆ ಮೊಳವೇ ಸರಿ.

ನಳಿಗೆಯನ್ನು ಕಚ್ಚಿ ಎಳೆಯುವುದು, ಕೊಳವೆಗೆ ತಲೆಯಿಂದ ಗುದ್ದುವುದು, ಉಷ್ಣಮಾಪಕವನ್ನು ಬಾಲದಿಂದ ಗಾಜಿಗೆ ಬಡಿಯುವುದು, ಇದು ಅದರ ನಿತ್ಯಕರ್ಮ. ಕೊಳವೆಗೆ ಬಿದಿರಿನ ಅಂಡೆ ತೊಡಿಸಿದೆ. ಅಂಡೆಯ ಸಮೇತ ಕಿತ್ತಿತು. ಗುಂಡುಕಲ್ಲು ಒರಗಿಸಿದೆ, ಕಲ್ಲು ಉರುಳಿತು. ಜರಡಿಯನ್ನು ಅಡ್ಡ ನಿಲ್ಲಿಸಿದೆ; ಅದರ ಗತಿ ಹೇಳಿಯಾಯಿತು.

“ಏನೂಂದ್ರೆ, ನಾಳೆ ಮುದ್ದೆಕೋಲೂ ಬೇಕಾ ನಿಮ್ ಮೀನಿಗೆ? ಎಸ್ರಿಡೋ ಮುಂಚೇನೇ ಹೇಳ್ಬುಡಿ” ಎಂದಳು ಗಿರಿಜೆ.

ಸಾಧನಗಳೆಲ್ಲ ಮೀನಿನ ಸುಖಕ್ಕೆಂದು ತಂದವು. ಈಗ ಮೀನಿನಿಂದ ಸಾಧನಗಳನ್ನು ಕಾಯುವುದೇ ನನ್ನ ಉದ್ಯೋಗವಾಗಿತ್ತು. ಲೋಕದಲ್ಲಿ ಇದು ಹೊಸದೇನಲ್ಲ ಬಿಡಿ. ನಮ್ಮ ಶಾಲೆಯ ಸೂಕ್ಷ್ಮ ತಕ್ಕಡಿ ಮಕ್ಕಳಿಗಾಗಿ ಬಂದು, ಮಕ್ಕಳಿಂದ ಪಾರಾಗಲು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. ಅತಿಥಿಗಳಿಗೆಂದು ಹೊಲಿಸಿದ ಹಾಸಿಗೆಯನ್ನು ಅತಿಥಿಗಳು ಬಂದೊಡನೆ ಅಟ್ಟಕ್ಕೇರಿಸುವ ಮನೆಗಳನ್ನು ನೀವೂ ಕಂಡಿರುತ್ತೀರಿ.

ಮೀನನ್ನು ಹೊಳೆಗೆ ಬಿಡಬಹುದಿತ್ತಲ್ಲ ಎನ್ನುತ್ತೀರಿ. ಬಿಡಲು ಅಪ್ಪ ಒಪ್ಪಬೇಕಲ್ಲ! ಸರಗೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರು, ಕಣ್ಣು ಮಂಜಾದ ಮೇಲೆ ಅದನ್ನು ನನ್ನ ತಮ್ಮನಿಗೆ ಬಿಟ್ಟು ನಮ್ಮಲ್ಲಿಗೆ ಬಂದಿದ್ದರು. ಬಂದವರು ಮಾತು ಬಿಟ್ಟರು. ನನ್ನೊಡನೆಯಂತೂ ಮೊದಲಿಂದಲೂ ಅಷ್ಟಕ್ಕಷ್ಟೇ. ನಾನು ಪದವಿ ಪಡೆದು ಬಂದ ದಿನ ಅವರು ಕೇಳಿದ್ದು, “ಇನ್ನಾದ್ರೂ ಕಪ್ಪೆ ಕುಯ್ಯೋದು ಬುಟ್ಟೆಯಾ?” ಎಂದು. ಅಂಥವರಿಗೆ ಈ ಕೊರವ ಗಿರಾಕಿಯಾಗಿ ಸಿಕ್ಕಿತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಕಡ್ಲೆಪುರಿ ಹಿಡಿದು ತೊಟ್ಟಿಯ ಮುಂದೆ ನಿಲ್ಲುವರು. “ಬನ್ನಿ ಸ್ವಾಮಿ, ಬೋಣಿ ನಿಮ್ದೇ. ಚೌಕಾಸಿ ಇಲ್ಲ” ಎನ್ನುವರು. ಮೀನು ಮೇಲೆ ಬಂದು ಬಾಯಿ ತೆರೆಯುವುದು, ಅಪ್ಪ ನಗುವರು. ಆ ನಗು ಕೇಳಲು ಗಿರಿಜೆ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. “ನಮ್ಮನೆ ಮೀನು, ಮಾಂಸ ಮುಟ್ಟಾಕಿಲ್ಲ” ಎಂದು ಬಂದವರಿಗೆಲ್ಲ ಅಪ್ಪ ಹೇಳಿಕೊಳ್ಳುತ್ತಿದ್ದರು. ಅವರು ಹಿತ್ತಿಲಿಗೆ ಹೋದಾಗ ನಾನು ಎರೆಹುಳು ಹಾಕುತ್ತಿದ್ದೆ. ಆ ಮೀನು ಹೋದರೆ ಮನೆಯಲ್ಲಿ ಆ ನಗುವೂ ಹೋಗುತ್ತದೆಂದು ನಮಗಿಬ್ಬರಿಗೂ ಗೊತ್ತಿತ್ತು.

ನನ್ನ ಗೋಳು ಕೇಳಿ ತಿಮ್ಮೇಗೌಡರು ಒಂದು ಸಣ್ಣ ಕೂಳಿ ಕೊಟ್ಟರು. ಗದ್ದೆಯ ಕಾಲುವೆಗಳಲ್ಲಿ ಮೀನು ಹಿಡಿಯಲು ಇಡುವ ಬಿದಿರಿನ ಬುಟ್ಟಿ ಅದು. ಕೊಳವೆಗೆ ಪಂಜರವಾಗಲಿ ಎಂದು ಅವರ ಸಲಹೆ. ಶೈವರ ಮನೆಯಲ್ಲಿ ಹುಟ್ಟಿದ ನಾನು ಕೂಳಿಯನ್ನು ದಡದಿಂದ ಕಂಡಿದ್ದೆನೇ ಹೊರತು ಅದು ಕೆಲಸ ಮಾಡುವ ಬಗೆಯನ್ನು ನೋಡಿರಲಿಲ್ಲ. ಬಾಯಿಯ ಸುತ್ತ ಚೂಪಾದ ಬಿದಿರ ಸೀಳುಗಳು ಒಳಮುಖವಾಗಿದ್ದವು. ಬೇಲಿಮುಳ್ಳಿನ ಹಾಗೆ ಇವು ಮೀನನ್ನು ಹೆದರಿಸಿ ಅಟ್ಟುತ್ತವೆಂದು ತರ್ಕಿಸಿದೆ. ಕೊಳವೆ, ಉಷ್ಣಮಾಪಕ ಎರಡನ್ನೂ ಒಳಗಿಟ್ಟು, ಕೂಳಿಯ ಬಾಯಿಯನ್ನು ಮೀನಿನ ಕಡೆಗೇ ತಿರುಗಿಸಿ, ತಳದಲ್ಲಿ ಕಲ್ಲು ಹೇರಿ ಭದ್ರಪಡಿಸಿದೆ. ಆ ಸೀಳುಗಳು ಇರುವುದು ಒಳಗೆ ಬಂದದ್ದು ಹಿಂದಕ್ಕೆ ಹೋಗದಿರಲಿ ಎಂದು. ಮೀನು ತಿನ್ನುವ ಯಾವ ಮನೆಯವರೂ ಈ ತಪ್ಪು ಮಾಡರು.

ಮಾರನೆಯ ಬೆಳಿಗ್ಗೆ ಅಪ್ಪ ಕೂಗಿದರು: “ಯಾಕೋ ಇವ್ನು ಅಂಗೆ ಮಲಗವ್ನೆ? ಕರುದ್ರೂ ಬರ್ತಿಲ್ವಲ್ಲೋ!”

ಕೊರವದ ತಲೆ ಕೂಳಿಯೊಳಗೆ, ಬಾಲ ಹೊರಗೆ. ಹಿಂದೆ ಸರಿದರೆ ಸೀಳುಗಳು ಕಿವಿರಿಗೆ ಚುಚ್ಚುತ್ತಿದ್ದವು. ತಳದಲ್ಲಿ ಸಿಕ್ಕಿಬಿದ್ದು, ಕೊಸರಿ ಕೊಸರಿ ಸೋತಿತ್ತು. ಪಕ್ಕದಲ್ಲೇ ಬ್ಲಾಡರಿನ ಗುಳ್ಳೆಗಳು ಯಾರಿಗೂ ಬೇಡವಾಗಿ ಏಳುತ್ತಿದ್ದವು. ಕೊರವಕ್ಕೆ ನೀರಿನಲ್ಲಿರುವ ಗಾಳಿ ಸಾಲದು, ಆಗಾಗ ಮೇಲೆ ಬಂದು ಬಾಯಿಂದ ಗಾಳಿ ನುಂಗದಿದ್ದರೆ ಉಸಿರುಕಟ್ಟುತ್ತದೆ ಎಂದು ಪರೀಕ್ಷೆಯಲ್ಲಿ ಚಿತ್ರಸಹಿತ ಬರೆದಿದ್ದವನು ನಾನು.

“ಅಪ್ಪ, ಮೇಲಕ್ಕೆತ್ತಬೇಕು. ಇಲ್ಲದಿದ್ರೆ ಮುಳುಗಿ ಸಾಯ್ತದೆ.”

“ಮೀನು ಮುಳುಗಿ ಸಾಯ್ತದಾ? ಇದೇನಾ ನೀನು ಮೈಸೂರಲ್ಲಿ ಕೂತು ಓದಿದ್ದು?”

“ಊಂ ಅಪ್ಪ. ಇದೇ.”

“ದಿಟವಾ?”

ಆ ಮಾತನ್ನು ನಾನು ಯಾವುದರ ಬಗೆಗೂ ಹೇಳುವವನಲ್ಲ. “ದಿಟ” ಎಂದೆ.

ಅಪ್ಪ ನನ್ನ ಮುಖ ನೋಡಿದರು. ಹುಟ್ಟಿದಂದಿನಿಂದ ಮೀನು ಮುಟ್ಟಿದವರಲ್ಲ. ಆಗತಾನೆ ಪೂಜೆ ಮುಗಿಸಿದ ಮೈ. ಕಡ್ಲೆಪುರಿ ಅಲ್ಲೇ ಚೆಲ್ಲಿತು. ತೋಳು ಮೇಲೇರಿಸಿ, ಎರಡೂ ಕೈಗಳನ್ನು ನೀರಿಗಿಳಿಸಿ, ಕೂಳಿಯನ್ನೂ ಮೀನಿನ ಹೊಟ್ಟೆಯನ್ನೂ ಒಟ್ಟಿಗೆ ಹಿಡಿದು ಎತ್ತಿದರು.

“ಎಲ್ಲೀಗಂಟ ಎತ್ಲೋ?”

“ಬಾಯಿ ಮೇಲೆ ಬರೋಗಂಟ. ಇನ್ನೊಂಚೂರು. ಸಾಕು, ಅಂಗೇ ಹಿಡ್ಕಳಿ.”

ಗಿರಿಜೆ ಚಾಕು ತಂದಳು. ಕೂಳಿಯ ಹಿಂತುದಿಯ ಕಟ್ಟನ್ನು ನಾನು ಕೊಯ್ಯತೊಡಗಿದೆ. ನೆಂದ ನಾರು ಬೇಗ ಜಗ್ಗಲಿಲ್ಲ. ಎಷ್ಟು ಹೊತ್ತು ಹಿಡಿಯಿತೋ, ಬೆಳಗೆಲ್ಲ ಎಂದು ನನ್ನ ನೆನಪು, ಹಾಲು ಉಕ್ಕುವಷ್ಟು ಎಂದು ಗಿರಿಜೆಯದು. ಮೀನು ಅಲುಗಲಿಲ್ಲ. ಆಮೇಲೆ ಬಿದಿರಿನ ಸಂದಿಯಲ್ಲಿ ಆ ಬಾಯಿ ತೆರೆದು, ಗುಳಕ್ಕೆಂದು ಗಾಳಿ ನುಂಗಿತು.

“ಕುಡೀತು ಕಣೋ! ಗಾಳಿ ಕುಡೀತು!” ಎಂದು ಅಪ್ಪ ಕೂಗಿದರು.

ಕಟ್ಟು ಬಿಚ್ಚಿತು, ಮೀನು ಮುಂದಕ್ಕೆ ನುಗ್ಗಿ ನೀರಿಗೆ ಬಿತ್ತು, ಬಿದ್ದ ರಭಸಕ್ಕೆ ಉಷ್ಣಮಾಪಕ ಎರಡಾಯಿತು, ಗಾಜಿನ ಕೊಳವೆಯೂ ಒಡೆಯಿತು. ಅವುಗಳ ಕಡೆ ಯಾರೂ ನೋಡಲಿಲ್ಲ. ಒಡೆದ ಚೂರುಗಳನ್ನು ತೆಗೆದು ನೀರು ಬದಲಿಸುವಷ್ಟು ಹೊತ್ತು ಮೀನು ಗಿರಿಜೆಯ ಹಂಡೆಯಲ್ಲಿತ್ತು.

“ಮೀನಿನ್ ಕಡೀಕೆ ಬಾಯಿ ಮಾಡಿ ಮಡಗುದ್ರಾ? ನಮ್ಮಳ್ಳಿಲೂ ಯಾರೂ ಇಷ್ಟು ಚೆಂದಾಗಿ ಕೂಳಿ ಮಡಗಾಕಿಲ್ಲ ಬುಡಿ” ಎಂದು ತಿಮ್ಮೇಗೌಡರು ಶಾಲೆಯಲ್ಲೆಲ್ಲ ಡಂಗುರ ಹೊಡೆದರು.

ಅಪ್ಪ ಅಂದು ಮತ್ತೆ ಸ್ನಾನ ಮಾಡಿದರೋ, ಹಾಗೆಯೇ ತಿಂಡಿಗೆ ಕೂತರೋ ನನಗೆ ನೆನಪಿಲ್ಲ. ನೆನಪಿರುವುದು ಸಂಜೆಯ ಮಾತು. ನಾನು ಬ್ಲಾಡರಿಗೆ ಗಾಳಿ ತುಂಬಿ, ಹೊಸ ಕೊಳವೆಯನ್ನು ಕಾಯುವುದು ಹೇಗೆಂದು ಬೇಸತ್ತು ನಿಂತಿದ್ದೆ. ಅವರು ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಕೂತರು.

“ಬಾ ಇಲ್ಲಿ. ನೀರೊಳಗಿರೋನು ಗಾಳಿ ಯಾಕೆ ಕುಡೀತಾನೆ, ಸರಿಯಾಗಿ ಯೋಳು.”

ಹೇಳತೊಡಗಿದೆ. ಕಪ್ಪೆಯಿಂದ ಶುರುಮಾಡಬೇಕಾಯಿತು, ಅವರು ತಡೆಯಲಿಲ್ಲ. ತೊಟ್ಟಿಯಲ್ಲಿ ಕೊರವ ಹೊಸ ಕೊಳವೆಯನ್ನು ಗುದ್ದಿ ಗುದ್ದಿ ಕೀಳುತ್ತಿತ್ತು. ನಾವಿಬ್ಬರೂ ಏಳಲಿಲ್ಲ.